ಕಟ್ಟೆಯ ಮಾತು ಕಡತ ಸೇರಿದಾಗ

ಗಡಿಯಾಚೆಯ ಕನ್ನಡ ಮಾಧ್ಯಮ ಶಾಲೆಗಳ ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ ಯಾವುದನ್ನು ತೆರೆದು ನೋಡಿದರೂ ದಿನದ ಮಾತುಕತೆ ಬಹುಮಟ್ಟಿಗೆ ಒಂದೇ ಬಗೆಯಲ್ಲಿ ಸಾಗುತ್ತದೆ. ಬೆಳಕು ಹರಿಯುವ ಮೊದಲೇ ತಾವರೆಯ ಚಿತ್ರದೊಡನೆ ‘ಶುಭೋದಯ’ ಬಂದು ಕುಳಿತಿರುತ್ತದೆ. ಮಳೆಗಾಲವಾದರೆ ಜಿಲ್ಲಾಧಿಕಾರಿಗಳು ರಜೆ ಸಾರಿದ್ದಾರೆಯೇ ಎಂಬ ಪ್ರಶ್ನೆ, ಅದಕ್ಕೆ ಕಳೆದ ವರ್ಷದ ಆದೇಶವನ್ನೇ ಹೊಸದೆಂದು ಹಾಕಿದವರ ಉತ್ತರ, ಅದನ್ನು ತಿದ್ದುವ ಅಧ್ಯಾಪಕರ ಒಂದು ಸಾಲು. ಮಧ್ಯಾಹ್ನ ಯಾರೋ ಹತ್ತು ಸಾವಿರದೊಳಗೆ ಯಾವ ಫೋನು ಒಳ್ಳೆಯದೆಂದು ಕೇಳುತ್ತಾರೆ. ಸಂಜೆ ಅಪ್ಪನ ಫೋನಿನಿಂದ ಮಗ ಕೈತಪ್ಪಿ ಕಳುಹಿಸಿದ ಆಟದ ಚಿತ್ರವೊಂದು ಬಂದು ಬೀಳುತ್ತದೆ. ರಾತ್ರಿ ಒಂಬತ್ತರ ಹೊತ್ತಿಗೆ ಸುದ್ದಿಯ ಸರದಿ: ಎಲ್ಲಿಯೋ ಅಪಘಾತ, ಯಾವುದೋ ಮಾತ್ರೆಯ ಅಪಾಯ, ‘ಮಕ್ಕಳಿರುವವರು ತಪ್ಪದೆ ನೋಡಿ’ ಎಂಬ ತಲೆಬರಹದ ವಿಡಿಯೋ.

ಇದು ಹಿಂದಿನ ಅರಳೀಕಟ್ಟೆಯ ಹರಟೆಯೇ. ಹೊಸದೇನೂ ಇಲ್ಲವೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಕಟ್ಟೆಯ ಮೇಲೆ ಆಡಿದ ಮಾತು ಆಡಿದವರೊಡನೆಯೇ ಎದ್ದು ಹೋಗುತ್ತಿತ್ತು. ಮರುದಿನ ಅದನ್ನು ಯಾರಾದರೂ ಎತ್ತಿದರೆ ‘ನಾನು ಹಾಗೆ ಹೇಳಲಿಲ್ಲ’ ಎನ್ನಲು ಅವಕಾಶವಿತ್ತು. ಗುಂಪಿನಲ್ಲಿ ಹಾಕಿದ ಮಾತು ಗಂಟೆ ನಿಮಿಷಗಳ ಸಮೇತ ಇನ್ನೂರು ಫೋನುಗಳಲ್ಲಿ ಅಚ್ಚಾಗುತ್ತದೆ. ಆಡುವವರ ಮನಸ್ಸಿಗೆ ಅದು ಮಾತು, ಕಾನೂನಿನ ಕಣ್ಣಿಗೆ ಬರಹ. ಶಾಲೆಯ ಗುಂಪುಗಳಲ್ಲಿ ಹುಟ್ಟುವ ತಕರಾರುಗಳಲ್ಲಿ ಹೆಚ್ಚಿನವು ಈ ಅಂತರದಿಂದಲೇ ಹುಟ್ಟುತ್ತವೆ.

ತಕರಾರಿಗೆ ಹೆದರಿ ಹಲವು ಗುಂಪುಗಳು ಒಂದು ಸುಲಭದ ದಾರಿ ಹಿಡಿದಿವೆ. ಅಡ್ಮಿನ್ ಮಾತ್ರ ಬರೆಯಬಲ್ಲಂತೆ ಗುಂಡಿ ಒತ್ತಿಬಿಡುವುದು. ಅಲ್ಲಿಂದಾಚೆಗೆ ಗುಂಪು ಸೂಚನಾಫಲಕವಾಗುತ್ತದೆ. ಶುಲ್ಕದ ದಿನಾಂಕ, ಪರೀಕ್ಷೆಯ ವೇಳಾಪಟ್ಟಿ, ಮತ್ತೆ ಮೌನ. ಹಾಗೆ ಮಾಡಿದ ಅಧ್ಯಾಪಕರನ್ನು ದೂರುವಂತಿಲ್ಲ. ‘ಗುಂಪಿನಲ್ಲಿ ಯಾರು ಏನು ಹಾಕಿದರೂ ಅಡ್ಮಿನ್ ಜೈಲಿಗೆ’ ಎಂಬ ಎಚ್ಚರಿಕೆಯ ಸಂದೇಶವನ್ನು ಅವರು ಹಲವು ಸಲ ಓದಿರುತ್ತಾರೆ. ಆ ಸಂದೇಶವೂ ಒಂದು ಫಾರ್ವರ್ಡೇ ಎಂಬುದು ಬೇರೆ ಮಾತು.

ಈ ಭಯಕ್ಕೆ ಹಿನ್ನೆಲೆ ಇಲ್ಲದೆ ಇಲ್ಲ. 2018ರ ಬೇಸಗೆ ಮತ್ತು ಮಳೆಗಾಲದಲ್ಲಿ ದೇಶದ ಹಲವು ಕಡೆ ‘ಮಕ್ಕಳ ಕಳ್ಳರು ಬಂದಿದ್ದಾರೆ’ ಎಂಬ ವದಂತಿ ಫೋನಿನಿಂದ ಫೋನಿಗೆ ಹರಿಯಿತು. ಅದರೊಡನೆ ಓಡಾಡಿದ ವಿಡಿಯೋಗಳಲ್ಲಿ ಒಂದರಲ್ಲಿ, ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯವಿತ್ತು. ವಾಸ್ತವದಲ್ಲಿ ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಜಾಗೃತಿಗಾಗಿ ತಯಾರಿಸಿದ ಕಿರುಚಿತ್ರ. ಮೂಲದಲ್ಲಿ ಬೈಕಿನವರು ಮಗುವನ್ನು ಹಿಂದಿರುಗಿಸಿ, ಎಚ್ಚರಿಕೆಯ ಫಲಕವೊಂದನ್ನು ತೋರಿಸುತ್ತಾರೆ. ಆ ಕೊನೆಯ ತುಣುಕನ್ನು ಯಾರೋ ಕತ್ತರಿಸಿದ್ದರು. ಕತ್ತರಿಸಿದ ಕೈ ಯಾವುದೆಂದು ಯಾರಿಗೂ ತಿಳಿಯದು. ಹಂಚಿದ ಕೈಗಳು ಮಾತ್ರ ಬಹುಪಾಲು ಒಳ್ಳೆಯ ಉದ್ದೇಶದ ತಂದೆತಾಯಿಗಳವು.

ಆ ವರ್ಷದ ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನಪಾಡಾ ಎಂಬ ಹಳ್ಳಿಯ ಸಂತೆಯಲ್ಲಿ ಐವರು ಅಲೆಮಾರಿಗಳನ್ನು ಮಕ್ಕಳ ಕಳ್ಳರೆಂದು ಹಿಡಿದು ಬಡಿದು ಕೊಂದರು. ಅವರು ನಾಥಪಂಥದ ಡವರಿ ಗೋಸಾವಿ ಸಮುದಾಯದವರು. ಭಿಕ್ಷಾಟನೆಯಿಂದ ಬದುಕುವ ಜನ. ಅವರಲ್ಲಿ ಹೆಚ್ಚಿನವರು ಸೋಲಾಪುರ ಜಿಲ್ಲೆಯ ಮಂಗಳವೇಢೆ ಕಡೆಯಿಂದ ಹೋದವರು. ಕನ್ನಡಿಗರಿಗೆ ಆ ಊರು ಅಪರಿಚಿತವಲ್ಲ, ಬಿಜ್ಜಳನ ಕಾಲದ ಮಂಗಳವಾಡ ಅದು. ಸೋಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಕನ್ನಡ ಶಾಲೆಗಳ ಮಕ್ಕಳು ತಮ್ಮ ಓಣಿಗೆ ಬರುವ ಇಂಥ ಡವರಿಗಳನ್ನು ನೋಡಿಯೇ ಬೆಳೆದವರು.

ಹನ್ನೆರಡು ದಿನ ಕಳೆಯುವುದರೊಳಗೆ ಅದು ಬೀದರ ಜಿಲ್ಲೆಯಲ್ಲಿಯೂ ನಡೆಯಿತು. ಜುಲೈ 13ರಂದು ಹೈದರಾಬಾದಿನಿಂದ ಕಾರಿನಲ್ಲಿ ಬಂದಿದ್ದ ಗೆಳೆಯರ ತಂಡದಲ್ಲಿ ಒಬ್ಬರು ದಾರಿಯಲ್ಲಿ ಕಂಡ ಶಾಲಾಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅದನ್ನು ನೋಡಿದವರಿಗೆ ಸಂಶಯ ಬಂತು, ಮಾತಿಗೆ ಮಾತು ಬೆಳೆಯಿತು, ಅವರು ಕಾರು ಹತ್ತಿ ಹೊರಟುಬಿಟ್ಟರು. ಕಾರು ಮುಂದಿನ ಊರನ್ನು ಮುಟ್ಟುವ ಮೊದಲೇ ವಾಟ್ಸಾಪಿನಲ್ಲಿ ಸುದ್ದಿ ಮುಟ್ಟಿತ್ತು. ಔರಾದ್ ಭಾಗದ ಮುರ್ಕಿಯ ಬಳಿ ದಾರಿ ತಡೆದು, ಉರುಳಿಬಿದ್ದ ಕಾರಿನಿಂದ ಅವರನ್ನು ಎಳೆದು ಹೊಡೆದರು. ಮೂವತ್ತೆರಡು ವರ್ಷದ ತಂತ್ರಜ್ಞರೊಬ್ಬರು ಸತ್ತರು. ಉಳಿದವರನ್ನು ಬಿಡಿಸಲು ಹೋದ ಪೊಲೀಸರಿಗೂ ಗಾಯಗಳಾದವು. ಬಳಿಕ ಬಂಧಿತರಾದವರಲ್ಲಿ ವಾಟ್ಸಾಪ್ ಗುಂಪೊಂದರ ಅಡ್ಮಿನ್ ಕೂಡ ಇದ್ದನೆಂಬುದು ಪತ್ರಿಕೆಗಳಲ್ಲಿ ಬಂತು. ಅಡ್ಮಿನ್‌ಗಳ ಭಯ ಗಟ್ಟಿಯಾದದ್ದು ಇಂಥ ಸುದ್ದಿಗಳಿಂದ.

ಮುರ್ಕಿಯ ಘಟನೆಯಾಗಿ ಒಂದು ವಾರದಲ್ಲಿ ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳುಹಿಸಬಹುದೆಂಬ ಮಿತಿಯನ್ನು ಪ್ರಕಟಿಸಿತು. 2020ರ ಏಪ್ರಿಲಿನಲ್ಲಿ, ಈಗಾಗಲೇ ಹಲವು ಕೈ ದಾಟಿ ಬಂದ ಸಂದೇಶಕ್ಕೆ ಆ ಮಿತಿಯನ್ನು ಒಂದಕ್ಕೆ ಇಳಿಸಿತು. ಅಂಥ ಸಂದೇಶದ ತಲೆಯ ಮೇಲೆ ಎರಡು ಬಾಣಗಳ ಗುರುತು ಕಾಣುತ್ತದೆ. ಮನೆಯ ಹಿರಿಯರಿಗೆ ಫೋನು ಕಲಿಸುವ ಮಕ್ಕಳು ಮೊದಲು ತೋರಿಸಬೇಕಾದ ಗುರುತು ಅದು. ಕಳುಹಿಸಿದವರು ಪಕ್ಕದ ಮನೆಯವರೇ ಆಗಿರಬಹುದು. ಬರೆದವರು ಅವರಲ್ಲ ಎಂಬುದನ್ನು ಆ ಎರಡು ಬಾಣಗಳು ಹೇಳುತ್ತವೆ.

ಹಾಗಾದರೆ ಸದಸ್ಯನೊಬ್ಬ ಹಾಕಿದ್ದಕ್ಕೆ ಅಡ್ಮಿನ್ ಹೊಣೆಯೇ? ಗಡಿಯಾಚೆಯ ಕನ್ನಡಿಗರು ಹೆಚ್ಚಾಗಿ ನೆಲೆಸಿರುವ ಮೂರು ರಾಜ್ಯಗಳ ಹೈಕೋರ್ಟುಗಳು, ಒಂದು ವರ್ಷದ ಅಂತರದಲ್ಲಿ, ಈ ಪ್ರಶ್ನೆಗೆ ಉತ್ತರಿಸಿವೆ. ಮೊದಲನೆಯದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ, 2021ರ ಮಾರ್ಚ್‌ನಲ್ಲಿ. ಗೊಂದಿಯಾ ಜಿಲ್ಲೆಯ ಗುಂಪೊಂದರಲ್ಲಿ ಒಬ್ಬ ಸದಸ್ಯ ಮಹಿಳಾ ಸದಸ್ಯರೊಬ್ಬರನ್ನು ಹೀನಾಯವಾಗಿ ಬೈದಿದ್ದ. ಅಡ್ಮಿನ್ ಅವನನ್ನು ಹೊರಗೆ ಹಾಕಲಿಲ್ಲ, ಕ್ಷಮೆ ಕೇಳುವಂತೆ ಹೇಳಲೂ ಇಲ್ಲ ಎಂಬುದು ದೂರು. ಪೀಠದ ಉತ್ತರ ನೇರವಾಗಿತ್ತು. ಅಡ್ಮಿನ್‌ಗೆ ಇರುವುದು ಸದಸ್ಯರನ್ನು ಸೇರಿಸುವ, ತೆಗೆಯುವ ಅಧಿಕಾರ. ಯಾರು ಏನು ಬರೆಯುವರೆಂದು ಮೊದಲೇ ತಿಳಿಯುವ, ತಡೆಯುವ ಶಕ್ತಿ ಅವನಿಗಿಲ್ಲ. ಇಬ್ಬರೂ ಮೊದಲೇ ಮಾತಾಡಿಕೊಂಡು ಒಂದೇ ಉದ್ದೇಶದಿಂದ ಮಾಡಿದ್ದೆಂದು ತೋರದ ಹೊರತು ಸದಸ್ಯನ ಅಪರಾಧವನ್ನು ಅಡ್ಮಿನ್‌ನ ತಲೆಗೆ ಕಟ್ಟಲಾಗದು. ಮೊಕದ್ದಮೆ ರದ್ದಾಯಿತು.

ಅದೇ ವರ್ಷದ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟಿನ ಮಧುರೈ ಪೀಠದ ಮುಂದೆ ಬಂದ ಅಡ್ಮಿನ್ ಸ್ವತಃ ವಕೀಲರು. ಕರೂರಿನ ವಕೀಲರ ಗುಂಪನ್ನು ನಡೆಸುತ್ತಿದ್ದವರು. ಕಾನೂನು ಬಲ್ಲವರ ಗುಂಪಿನಲ್ಲಿಯೂ ಎರಡು ಸಮುದಾಯಗಳ ನಡುವೆ ಕಹಿ ಹುಟ್ಟಿಸುವ ಸಂದೇಶ ಬಂದಿತ್ತು, ದೂರು ಅಡ್ಮಿನ್‌ವರೆಗೂ ಹೋಗಿತ್ತು. ಇದರಲ್ಲಿ ಸಾಮಾನ್ಯ ಪೋಷಕರಿಗೆ ಒಂದು ಸಮಾಧಾನವಿದೆ. ಅಡ್ಮಿನ್ ಆಗಿದ್ದುದಲ್ಲದೆ ಬೇರೆ ಪಾತ್ರವಿಲ್ಲವೆಂದು ತನಿಖೆಯಲ್ಲಿ ಕಂಡುಬಂದರೆ ಅವರ ಹೆಸರನ್ನು ಆರೋಪಪಟ್ಟಿಯಿಂದ ಕೈಬಿಡಬೇಕೆಂದು ಪೀಠ ಹೇಳಿತು.

ಮೂರನೆಯದು ಕೇರಳ ಹೈಕೋರ್ಟಿನದು, 2022ರ ಫೆಬ್ರವರಿ 23ರ ತೀರ್ಪು. ಇದು ಮೂರರಲ್ಲಿ ಅತಿ ಗಂಭೀರವಾದ ಆರೋಪ. ‘ಫ್ರೆಂಡ್ಸ್’ ಎಂಬ ಹೆಸರಿನ ಗುಂಪನ್ನು ಕಟ್ಟಿದಾತ ಇನ್ನಿಬ್ಬರನ್ನು ಅಡ್ಮಿನ್ ಮಾಡಿದ್ದ. ಅವರಲ್ಲೊಬ್ಬ ಮಕ್ಕಳ ಅಶ್ಲೀಲ ವಿಡಿಯೋ ಹಾಕಿದ. ಪೊಲೀಸರು ಗುಂಪು ಕಟ್ಟಿದವನ ಮೇಲೂ ಪೋಕ್ಸೊ ಮತ್ತು ಮಾಹಿತಿ ತಂತ್ರಜ್ಞಾನ ಕಾಯಿದೆಗಳ ಅಡಿಯಲ್ಲಿ ಮೊಕದ್ದಮೆ ಹೂಡಿದರು. ಕ್ರಿಮಿನಲ್ ಕಾನೂನಿನಲ್ಲಿ ಒಬ್ಬರ ಕೃತ್ಯಕ್ಕೆ ಇನ್ನೊಬ್ಬರು ಹೊಣೆಯಾಗಬೇಕಾದರೆ ಕಾಯಿದೆಯೇ ಹಾಗೆ ಹೇಳಿರಬೇಕು. ಅಡ್ಮಿನ್ ಮತ್ತು ಸದಸ್ಯರ ನಡುವೆ ಒಡೆಯ-ಆಳಿನ ಸಂಬಂಧವೂ ಇಲ್ಲ ಎಂದು ಹೇಳಿ ಹೈಕೋರ್ಟು ಆ ಮೊಕದ್ದಮೆಯನ್ನು ವಜಾ ಮಾಡಿತು. ವಿಡಿಯೋ ಹಾಕಿದವನಿಗೆ ಈ ತೀರ್ಪಿನಿಂದ ಯಾವ ರಕ್ಷಣೆಯೂ ಸಿಗಲಿಲ್ಲ ಎಂಬುದನ್ನು ಜೊತೆಗೇ ನೆನೆಯಬೇಕು.

ಇಲ್ಲೊಂದು ಎಚ್ಚರಿಕೆಯ ಮಾತು ಸೇರಿಸದಿದ್ದರೆ ಅರ್ಧ ಸತ್ಯವಾದೀತು. ಅಡ್ಮಿನ್‌ಗೆ ಸೇರಿಸುವ, ತೆಗೆಯುವ ಅಧಿಕಾರ ಮಾತ್ರವಿದೆ ಎಂದು ನಾಗಪುರ ಪೀಠ ಹೇಳಿದ್ದು 2021ರಲ್ಲಿ. ಮರುವರ್ಷ ವಾಟ್ಸಾಪ್ ಕಂಪನಿ ಯಾವ ಸದಸ್ಯರ ಸಂದೇಶವನ್ನಾದರೂ ಎಲ್ಲರ ಫೋನಿನಿಂದಲೂ ಅಳಿಸುವ ಅಧಿಕಾರವನ್ನು ಅಡ್ಮಿನ್‌ಗೆ ಕೊಟ್ಟಿತು. ಅಧಿಕಾರ ಬಂದ ಬಳಿಕ ‘ನೀವು ಏಕೆ ಅಳಿಸಲಿಲ್ಲ’ ಎಂಬ ಪ್ರಶ್ನೆ ನ್ಯಾಯಾಲಯದಲ್ಲಿ ಮತ್ತೆ ಎದ್ದರೆ ಅಚ್ಚರಿಯಿಲ್ಲ. ಮೂರು ತೀರ್ಪುಗಳ ತಿರುಳು ಬದಲಾಗಲಾರದು, ಆದರೆ ಕಂಡೂ ಕಣ್ಣು ಮುಚ್ಚಿಕೊಂಡ ಅಡ್ಮಿನ್‌ನ ಪರವಾಗಿ ವಾದಿಸುವುದು ಮೊದಲಿನಷ್ಟು ಸುಲಭವಲ್ಲ. ದೂರು ಬಂದ ಸಂದೇಶವನ್ನು ಅಳಿಸಿ, ಅಳಿಸಿದ್ದೇನೆಂದು ಒಂದು ಸಾಲು ಬರೆದಿಡುವುದರಿಂದ ಅಡ್ಮಿನ್‌ಗೆ ನಷ್ಟವೇನಿಲ್ಲ. ವಿಷಯ ಅಪರಾಧದ್ದಾದರೆ ಅಳಿಸುವ ಮುನ್ನ ಪೊಲೀಸರಿಗೆ ತಿಳಿಸಬೇಕು. ಸಾಕ್ಷ್ಯವನ್ನು ಅಳಿಸಿದ ಮಾತು ಬರಬಾರದು.

ಅಡ್ಮಿನ್‌ಗಿಂತ ಹೆಚ್ಚು ಯೋಚಿಸಬೇಕಾದವರು ಫಾರ್ವರ್ಡ್ ಮಾಡುವವರು. ‘ನಾನು ಬರೆದದ್ದಲ್ಲ, ಬಂದದ್ದನ್ನು ಹಾಕಿದೆ’ ಎಂಬ ಸಮಜಾಯಿಷಿ ಗುಂಪುಗಳಲ್ಲಿ ದಿನವೂ ಕೇಳಿಬರುತ್ತದೆ. ಅದು ನ್ಯಾಯಾಲಯದಲ್ಲಿ ನಿಂತಿಲ್ಲ. ಮಹಿಳಾ ಪತ್ರಕರ್ತರನ್ನು ಹೀನಾಯವಾಗಿ ಚಿತ್ರಿಸಿದ ಬರಹವೊಂದನ್ನು 2018ರಲ್ಲಿ ಹಂಚಿಕೊಂಡ ತಮಿಳು ನಟ, ಮಾಜಿ ಶಾಸಕ ಎಸ್.ವಿ. ಶೇಖರ್ ಅವರ ಪ್ರಕರಣದಲ್ಲಿ 2023ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟು ಸಂದೇಶವನ್ನು ಬಿಲ್ಲಿನಿಂದ ಬಿಟ್ಟ ಬಾಣಕ್ಕೆ ಹೋಲಿಸಿತು. ಬಿಡುವವರೆಗೆ ಅದು ಕೈಯಲ್ಲಿದೆ, ಬಿಟ್ಟ ಮೇಲೆ ಆದ ಹಾನಿಗೆ ಬಿಟ್ಟವರೇ ಹೊಣೆ ಎಂಬುದು ಅದರ ಭಾವ. ಬರಹವನ್ನು ತೆಗೆದುಹಾಕಿ ಕ್ಷಮೆ ಕೇಳಿದ್ದರೂ ಮೊಕದ್ದಮೆ ಉಳಿಯಿತು. ಕಣ್ಣಿಗೆ ಔಷಧಿ ಹಾಕಿಕೊಂಡಿದ್ದರಿಂದ ಓದಲಾಗದೆ ಹಂಚಿದರೆಂದು ಅವರ ವಕೀಲರು ಸರ್ವೋಚ್ಚ ನ್ಯಾಯಾಲಯದಲ್ಲಿ ವಾದಿಸಿದರು. ಓದಲಾಗದಿದ್ದರೆ ಹಂಚುವುದೇಕೆ ಎಂದು ಯಾರಿಗಾದರೂ ತೋರುವಂಥ ವಾದ. ಆಗಸ್ಟಿನಲ್ಲಿ ಆ ನ್ಯಾಯಾಲಯವೂ ಮಧ್ಯೆ ಪ್ರವೇಶಿಸಲು ನಿರಾಕರಿಸಿತು.

ವದಂತಿಗೆ ಸಂಬಂಧಿಸಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 353ನೆಯ ಕಲಂ ಇದೆ. ಜನರಲ್ಲಿ ಭೀತಿ ಹುಟ್ಟಿಸಿ ಸಾರ್ವಜನಿಕ ಶಾಂತಿ ಕೆಡಿಸುವಂಥ ಸುಳ್ಳು ಮಾಹಿತಿ, ವದಂತಿಗಳನ್ನು ವಿದ್ಯುನ್ಮಾನ ಮಾಧ್ಯಮದಲ್ಲಿ ಹರಡುವುದನ್ನೂ ಅದು ಒಳಗೊಳ್ಳುತ್ತದೆ; ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಆದರೆ ಅದೇ ಕಲಂ ಒಂದು ವಿನಾಯಿತಿಯನ್ನೂ ಇಟ್ಟಿದೆ. ಸತ್ಯವೆಂದು ನಂಬಲು ಸಕಾರಣವಿದ್ದು, ಕೆಟ್ಟ ಉದ್ದೇಶವಿಲ್ಲದೆ, ಸದ್ಭಾವದಿಂದ ಹೇಳಿದ್ದು ಅಪರಾಧವಲ್ಲ. ‘ಸಕಾರಣ’ ಎಂಬ ಪದವೇ ಇಲ್ಲಿ ಮುಖ್ಯ. ಎರಡು ಬಾಣಗಳ ಗುರುತಿರುವ, ಊರು ದಿನಾಂಕಗಳಿಲ್ಲದ ವಿಡಿಯೋವನ್ನು ನಂಬಲು ಯಾವ ಸಕಾರಣವಿತ್ತೆಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. 112ಕ್ಕೆ ಅಥವಾ ಠಾಣೆಗೆ ಕರೆ ಮಾಡಿ ವಿಚಾರಿಸಿದವರಿಗೆ ಆ ಕಷ್ಟವಿಲ್ಲ.

ಹಾಗೆಂದು ಗುಂಪಿನಲ್ಲಿ ಬಾಯಿ ಬಿಡುವುದೇ ಅಪಾಯವೆಂದು ತಿಳಿಯಬೇಕಾಗಿಲ್ಲ. 2012ರ ನವೆಂಬರಿನಲ್ಲಿ ಮಹಾರಾಷ್ಟ್ರದ ಪಾಲಘರದಲ್ಲಿ, ಒಂದು ಬಂದ್ ಕುರಿತು ಫೇಸ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆದ ಯುವತಿಯನ್ನೂ ಅದನ್ನು ಮೆಚ್ಚಿದ ಆಕೆಯ ಗೆಳತಿಯನ್ನೂ ಪೊಲೀಸರು ಬಂಧಿಸಿದರು. ಮೆಚ್ಚುಗೆಯ ಗುಂಡಿ ಒತ್ತಿದ್ದಕ್ಕೆ ಬಂಧನ! ಆ ಪ್ರಕರಣದಿಂದ ಎದ್ದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯ 2015ರ ಮಾರ್ಚ್ 24ರಂದು ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಮನ್ನು ಪೂರ್ತಿಯಾಗಿ ರದ್ದುಗೊಳಿಸಿತು. ಶ್ರೇಯಾ ಸಿಂಘಾಲ್ ಪ್ರಕರಣವೆಂದು ಅದು ಪ್ರಸಿದ್ಧ. ಚರ್ಚಿಸುವುದು, ಪ್ರತಿಪಾದಿಸುವುದು ಬೇರೆ, ಅಪರಾಧಕ್ಕೆ ಪ್ರಚೋದಿಸುವುದು ಬೇರೆ. ಮೊದಲಿನವೆರಡು ಎಷ್ಟೇ ಅಪ್ರಿಯವಾದರೂ ಸಂವಿಧಾನದ ರಕ್ಷಣೆಯಲ್ಲಿವೆ ಎಂದು ಆ ತೀರ್ಪು ಬಿಡಿಸಿ ಹೇಳಿತು. ಬಸ್ಸು ಸಮಯಕ್ಕೆ ಬಾರದ ಬಗ್ಗೆ, ಕನ್ನಡ ಬಲ್ಲ ಅಧ್ಯಾಪಕರ ನೇಮಕವಾಗದ ಬಗ್ಗೆ, ಪಠ್ಯಪುಸ್ತಕ ತಡವಾದ ಬಗ್ಗೆ ಪೋಷಕರು ಖಾರವಾಗಿ ಬರೆದರೆ ಅದು ಚರ್ಚೆಯೇ ಹೊರತು ಅಪರಾಧವಲ್ಲ.

ಕಾಸರಗೋಡು, ವಯನಾಡಿನ ಓದುಗರಿಗೆ ಈ ತೀರ್ಪಿನ ಇನ್ನೊಂದು ಭಾಗ ಹತ್ತಿರದ್ದು. ಕೇರಳ ಪೊಲೀಸ್ ಕಾಯಿದೆಯ 118(ಡಿ) ಎಂಬ, ಹೆಚ್ಚುಕಡಿಮೆ ಅದೇ ಜಾತಿಯ ವಿಧಿಯನ್ನೂ ಅದೇ ದಿನ ರದ್ದುಪಡಿಸಲಾಯಿತು. 2020ರ ನವೆಂಬರಿನಲ್ಲಿ 118ಎ ಎಂಬ ಹೊಸ ಕಲಂ ಸುಗ್ರೀವಾಜ್ಞೆಯ ಮೂಲಕ ಬಂತು. ಪಕ್ಷಭೇದವಿಲ್ಲದೆ ವಿರೋಧ ಎದ್ದುದರಿಂದ ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡರು. ಆದರೂ ರದ್ದಾದ 66ಎ ಅಡಿಯಲ್ಲಿ ವರ್ಷಗಳ ಬಳಿಕವೂ ಠಾಣೆಗಳಲ್ಲಿ ಪ್ರಕರಣ ದಾಖಲಾಗುತ್ತಿದ್ದುದನ್ನು ಕಂಡು 2021ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಆಘಾತ ವ್ಯಕ್ತಪಡಿಸಿತು. 2022ರ ಅಕ್ಟೋಬರಿನಲ್ಲಿ ಯಾರ ಮೇಲೂ ಆ ಕಲಮಿನ ಅಡಿಯಲ್ಲಿ ಮೊಕದ್ದಮೆ ಸಲ್ಲದೆಂದು ಮತ್ತೊಮ್ಮೆ ಆದೇಶಿಸಿತು. ನೋಟೀಸಿನಲ್ಲಿ 66ಎ ಎಂಬ ಅಕ್ಷರ ಕಂಡರೆ ವಕೀಲರಿಗೆ ತೋರಿಸಲು ತಡಮಾಡಬಾರದು. ಅದು ಸತ್ತ ಕಲಂ.

ಶಾಲೆಯ ಗುಂಪುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ, ಅದೂ ಕನಿಕರದಿಂದ, ನಡೆಯುವ ತಪ್ಪೊಂದಿದೆ. ಊರಿನ ಮಗುವೊಂದಕ್ಕೆ ಅನ್ಯಾಯವಾದಾಗ, ಅಥವಾ ಮಗುವೊಂದು ತಪ್ಪು ಮಾಡಿ ಸಿಕ್ಕಿಬಿದ್ದಾಗ, ಸುದ್ದಿಯೊಡನೆ ಹೆಸರು, ತರಗತಿ, ಕೆಲವೊಮ್ಮೆ ಫೋಟೋ ಕೂಡ ಬಂದುಬಿಡುತ್ತದೆ. ‘ಪಾಪ, ಇಂಥವರ ಮಗಳಂತೆ’ ಎಂಬ ಒಂದು ಸಾಲು ಸಾಕು. 2015ರ ಬಾಲ ನ್ಯಾಯ ಕಾಯಿದೆಯ 74ನೆಯ ಕಲಂ ಇದನ್ನು ನಿಷೇಧಿಸುತ್ತದೆ. ಕಾನೂನಿನೊಡನೆ ಸಂಘರ್ಷಕ್ಕೆ ಬಂದ ಮಗುವಾಗಲಿ, ಅಪರಾಧಕ್ಕೆ ಬಲಿಯಾದ ಅಥವಾ ಸಾಕ್ಷಿಯಾದ ಮಗುವಾಗಲಿ, ಅದರ ಹೆಸರು, ವಿಳಾಸ, ಶಾಲೆ, ಚಿತ್ರ, ಗುರುತು ಹತ್ತುವ ಬೇರೆ ಯಾವುದನ್ನೂ ಪ್ರಕಟಿಸಬಾರದು. ಪತ್ರಿಕೆಗಳನ್ನು ಹೆಸರಿಸಿದ ಬಳಿಕ ‘ಇತರ ಸಂವಹನ ರೂಪಗಳು’ ಎಂದೂ ಕಲಂ ಸೇರಿಸಿದೆ. ವಾಟ್ಸಾಪ್ ಅದರ ಹೊರಗಿಲ್ಲ. ಶಿಕ್ಷೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗಿನ ದಂಡ, ಅಥವಾ ಎರಡೂ. ಶಿಕ್ಷೆಗಿಂತ ದೊಡ್ಡ ವಿಷಯ ಇನ್ನೊಂದು. ಗಡಿಯ ಕನ್ನಡ ಶಾಲೆಗಳು ಚಿಕ್ಕವು, ಒಂದು ತರಗತಿಯಲ್ಲಿ ಹದಿನೈದೋ ಇಪ್ಪತ್ತೋ ಮಕ್ಕಳು. ಹೆಸರು ಹೇಳದೆ ‘ಎಂಟನೆಯ ತರಗತಿಯ ಹುಡುಗಿ, ಅಪ್ಪ ಬಸ್ ಚಾಲಕ’ ಎಂದರೂ ಇಡೀ ಊರಿಗೆ ಗುರುತು ಸಿಕ್ಕಿದಂತೆಯೇ. ಹಾಗೆ ಗುರುತಾದ ಮಗು ಶಾಲೆ ಬಿಟ್ಟರೆ ಮತ್ತೆ ಸೇರಲು ಆ ಭಾಗದಲ್ಲಿ ಇನ್ನೊಂದು ಕನ್ನಡ ಶಾಲೆ ಇರುವುದಿಲ್ಲ.

ಮಕ್ಕಳ ಮೇಲಿನ ದೌರ್ಜನ್ಯದ ವಿಡಿಯೋಗಳನ್ನು ‘ಎಲ್ಲರಿಗೂ ಎಚ್ಚರಿಕೆಯಾಗಲಿ, ಇವನನ್ನು ಹಿಡಿಯುವವರೆಗೆ ಹಂಚಿ’ ಎಂದು ಹರಡುವುದು ಇದಕ್ಕಿಂತಲೂ ಗಂಭೀರ. ಉದ್ದೇಶ ಏನೇ ಇರಲಿ, ಹಂಚುವುದು ಅಪರಾಧ. ಅಂಥದ್ದನ್ನು ಅಳಿಸದೆ, ವರದಿ ಮಾಡದೆ ಫೋನಿನಲ್ಲಿ ಇಟ್ಟುಕೊಳ್ಳುವುದೂ ಪೋಕ್ಸೊ ಕಾಯಿದೆಯ 15ನೆಯ ಕಲಮಿನ ಅಡಿಗೆ ಬರಬಹುದೆಂದು ಸರ್ವೋಚ್ಚ ನ್ಯಾಯಾಲಯ 2024ರ ಸೆಪ್ಟೆಂಬರ್ 23ರಂದು ಸ್ಪಷ್ಟಪಡಿಸಿತು. ಬಂದರೆ ಮಾಡಬೇಕಾದದ್ದು ಒಂದೇ, ಮುಂದೆ ಕಳುಹಿಸದೆ ಕೇಂದ್ರ ಸರ್ಕಾರದ ಸೈಬರ್ ಅಪರಾಧ ಜಾಲತಾಣದಲ್ಲಿ ಅಥವಾ ಠಾಣೆಯಲ್ಲಿ ದೂರು ಕೊಡುವುದು.

ಮಕ್ಕಳದೇ ಗುಂಪುಗಳು ಬೇರೆ ಇರುತ್ತವೆ. ಅಲ್ಲಿ ಮಾತು ಬಹುಪಾಲು ಆಟದ್ದು. 2020ರ ಸೆಪ್ಟೆಂಬರಿನಲ್ಲಿ ಪಬ್ಜಿ ನಿಷೇಧವಾದಾಗ ಹಲವು ಮನೆಗಳು ನೆಮ್ಮದಿಯ ಉಸಿರು ಬಿಟ್ಟವು, ಮರುವರ್ಷ ಅದೇ ಆಟ ಬಿಜಿಎಂಐ ಎಂಬ ಹೆಸರಿನಲ್ಲಿ ಬಂತು, ಮತ್ತೆ ಹೋಯಿತು, 2023ರಲ್ಲಿ ಹೊತ್ತಿನ ಮಿತಿಯೊಡನೆ ಮರಳಿತು. ಆಟ ಆಡುವುದು ಅಪರಾಧವಲ್ಲ. ಹಣ ಕಟ್ಟಿ ಆಡಿಸುವ ಆಟಗಳನ್ನು ನಿಷೇಧಿಸಲು ಸಂಸತ್ತು 2025ರ ಆಗಸ್ಟಿನಲ್ಲಿ ಮಾಡಿದ ಕಾಯಿದೆಯೂ ಆಡುವವರಿಗೆ ಶಿಕ್ಷೆ ಇಟ್ಟಿಲ್ಲ. ಆಡಿಸುವವರಿಗೆ ಮೂರು ವರ್ಷ ಮತ್ತು ಒಂದು ಕೋಟಿಯವರೆಗೆ, ಜಾಹೀರಾತು ಮಾಡುವವರಿಗೆ, ಅದಕ್ಕೆ ನೆರವಾಗುವವರಿಗೆ ಎರಡು ವರ್ಷ ಮತ್ತು ಐವತ್ತು ಲಕ್ಷದವರೆಗೆ ಶಿಕ್ಷೆ ಇದೆ. ‘ಈ ಲಿಂಕಿನಿಂದ ಸೇರಿದರೆ ಇಬ್ಬರಿಗೂ ಐವತ್ತು ರೂಪಾಯಿ’ ಎಂದು ಹುಡುಗನೊಬ್ಬ ಗುಂಪಿನಲ್ಲಿ ಹಾಕಿದ್ದು ಜಾಹೀರಾತೇ ಅಲ್ಲವೇ ಎಂಬುದರ ಮೇಲೆ ವಕೀಲರು ಎರಡೂ ಕಡೆಯಿಂದ ವಾದಿಸಬಲ್ಲರು. ಆ ವಾದದ ವಸ್ತುವಾಗಿ ತನ್ನ ಮಗ ನಿಲ್ಲುವುದು ಯಾವ ತಾಯಿಗೂ ಬೇಡ.

ಆಟದ ಖಾತೆ ಮಾರಿ ಕೊಳ್ಳುವ ವ್ಯಾಪಾರವೂ ಮಕ್ಕಳ ನಡುವೆ ಇದೆ. ಐನೂರು ರೂಪಾಯಿ ಕೊಟ್ಟ ಮೇಲೆ ಗೆಳೆಯ ಪಾಸ್‌ವರ್ಡ್ ಬದಲಿಸಿಬಿಟ್ಟನೆಂಬ ದೂರು ಕೊನೆಗೆ ಹಿರಿಯರ ನಡುವಿನ ಜಗಳವಾಗುತ್ತದೆ. ಅಪ್ರಾಪ್ತರು ಮಾಡಿದ ಕರಾರು ಆರಂಭದಿಂದಲೇ ಅಸಿಂಧು ಎಂದು ಪ್ರಿವಿ ಕೌನ್ಸಿಲ್ 1903ರಲ್ಲಿ ಮೋಹರೀ ಬೀಬಿ ಪ್ರಕರಣದಲ್ಲಿ ಹೇಳಿದ್ದು ಇಂದಿಗೂ ಕಾನೂನು. ಅಲ್ಲಿ ವಿಷಯ ಕಲ್ಕತ್ತೆಯ ಮನೆಯೊಂದರ ಅಡಮಾನ, ಇಲ್ಲಿ ಫೋನಿನೊಳಗಿನ ಬಂದೂಕು ಬಟ್ಟೆಗಳ ಖಾತೆ. ಕರಾರಿನ ಹೆಸರಿನಲ್ಲಿ ಆ ಐನೂರನ್ನು ವಸೂಲು ಮಾಡಿಸುವ ನ್ಯಾಯಾಲಯವಿಲ್ಲ.

ಮಗುವಿನ ಕೈಯಿಂದ ನಿಜಕ್ಕೂ ದೊಡ್ಡ ತಪ್ಪೇ ಆದರೆ? ಸಿಮ್ ತಂದೆಯ ಅಥವಾ ತಾಯಿಯ ಹೆಸರಿನಲ್ಲಿರುವುದರಿಂದ ಪೊಲೀಸರು ಮೊದಲು ಹುಡುಕಿಕೊಂಡು ಬರುವುದು ಅವರನ್ನೇ. ಹದಿನೆಂಟು ತುಂಬದವರ ವಿಷಯದಲ್ಲಿ, ಅಪರಾಧ ಘೋರವಲ್ಲದಿದ್ದರೆ ಮತ್ತು ವಯಸ್ಕರೊಡನೆ ಸೇರಿ ಮಾಡಿದ್ದಲ್ಲದಿದ್ದರೆ, ಎಫ್‌ಐಆರ್ ದಾಖಲಿಸದೆ ದಿನಚರಿಯಲ್ಲಿ ಬರೆದುಕೊಂಡು ಬಾಲ ನ್ಯಾಯ ಮಂಡಳಿಗೆ ತಿಳಿಸಬೇಕೆಂಬುದು 2016ರ ಮಾದರಿ ನಿಯಮ. ಮಗುವನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ. ಇದು ಗೊತ್ತಿಲ್ಲದ ಪೋಷಕರು ಠಾಣೆಯ ಹೊರಗೆ ಮಧ್ಯವರ್ತಿಗಳ ಮಾತಿಗೆ ಹಣ ತೆರುತ್ತಾರೆ.

ಎದುರಾಳಿಯ ಸಂದೇಶದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡರೆ ಗೆದ್ದೆವೆಂದು ನಂಬಿರುವವರು ಬಹಳ. ಸ್ಕ್ರೀನ್‌ಶಾಟ್ ಒಂದು ನಕಲು. ವಿದ್ಯುನ್ಮಾನ ದಾಖಲೆಯ ನಕಲಿಗೆ ಕಾನೂನು ಹೇಳಿದ ಪ್ರಮಾಣಪತ್ರ ಜೊತೆಗಿರಲೇಬೇಕೆಂದು ಸರ್ವೋಚ್ಚ ನ್ಯಾಯಾಲಯ 2020ರ ಜುಲೈ 14ರಂದು, ಮಹಾರಾಷ್ಟ್ರದ ಜಾಲನಾ ಕ್ಷೇತ್ರದ ಚುನಾವಣಾ ತಕರಾರಿನಲ್ಲಿ, ತೀರ್ಮಾನಿಸಿತು. ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಂ ಆ ಪ್ರಮಾಣಪತ್ರವನ್ನು ಎರಡು ಭಾಗ ಮಾಡಿದೆ. ಒಂದಕ್ಕೆ ದಾಖಲೆ ಒದಗಿಸುವವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಮೂಲ ಫೋನನ್ನೇ ಅದರ ಒಡೆಯರು ನ್ಯಾಯಾಲಯದಲ್ಲಿ ಹಾಜರುಪಡಿಸಿ ಸಾಕ್ಷ್ಯ ಹೇಳುವುದು ಇನ್ನೊಂದು ದಾರಿ ಎಂದೂ ಅದೇ ತೀರ್ಪು ಹೇಳಿತ್ತು. ನಿಜವಾಗಿ ಅನ್ಯಾಯಕ್ಕೊಳಗಾದವರು ಹೊಸ ಫೋನು ಕೊಳ್ಳುವ ಆತುರದಲ್ಲಿ ಹಳೆಯದನ್ನು ಮಾರಿಬಿಡಬಾರದು.

ಇಷ್ಟೆಲ್ಲ ತಿಳಿದ ಮೇಲೆ ಗುಂಪನ್ನು ಮುಚ್ಚಿಡುವುದೇ ಲೇಸಲ್ಲವೇ ಎಂದು ಕೇಳುವವರಿರಬಹುದು. ಕಾನೂನು ಹಾಗೆ ಮಾಡೆಂದು ಎಲ್ಲಿಯೂ ಹೇಳಿಲ್ಲ. ಗಡಿಯಾಚೆಯ ಕನ್ನಡ ಮನೆಗಳ ಮಟ್ಟಿಗೆ ಮುಚ್ಚುವುದರಿಂದ ಆಗುವ ನಷ್ಟವೂ ಬೇರೆ ಕಡೆಗಿಂತ ಹೆಚ್ಚು. ಕಾಸರಗೋಡಿನ ಮಗು ಶಾಲೆಯ ಗೇಟು ದಾಟಿದರೆ ಬಸ್ಸಿನ ಹಲಗೆಯಲ್ಲಿ ಮಲಯಾಳ. ಅಕ್ಕಲಕೋಟೆಯಲ್ಲಿ ಅಂಗಡಿಯ ಹೆಸರು ಮರಾಠಿಯಲ್ಲಿ. ತಾಳವಾಡಿಯಲ್ಲಿ ಪಡಿತರ ಚೀಟಿ ತಮಿಳಿನಲ್ಲಿ. ಪಾಠಪುಸ್ತಕದ ಹೊರಗೆ, ಅಂಕದ ಆಸೆಯಿಲ್ಲದೆ, ಒಬ್ಬರಿಗೊಬ್ಬರು ಕನ್ನಡದಲ್ಲಿ ಬರೆದುಕೊಳ್ಳುವ ಜಾಗ ಈ ಗುಂಪು ಬಿಟ್ಟರೆ ಬಹಳ ಕಡಿಮೆ. ಮದುವೆಯಾದ ಮೇಲೆ ಪೆನ್ನು ಹಿಡಿಯದಿದ್ದ ತಾಯಿ ಮಗಳ ಫೋನಿನಲ್ಲಿ ‘ನಾಳೆ ಪರಿಕ್ಷೆ ಎಷ್ಟು ಗಂಟೆಗೆ ಟೀಚರ್’ ಎಂದು ಬರೆಯುತ್ತಾರೆ; ದೀರ್ಘ ತಪ್ಪಿದೆ, ಪ್ರಶ್ನೆ ಸರಿಯಾಗಿದೆ. 1991ರ ಮೊದಲ ಆವೃತ್ತಿಯಲ್ಲೇ ಯುನಿಕೋಡ್ ಕನ್ನಡಕ್ಕೆ ಸ್ಥಾನ ಕೊಟ್ಟದ್ದು, ಕೆ.ಪಿ. ರಾವ್ ಅವರು ಉಚ್ಚಾರಣೆಗೆ ಹೊಂದುವ ಕೀಲಿಮಣೆ ರೂಪಿಸಿದ್ದು ದೊಡ್ಡ ಸಾಧನೆಗಳೆಂದು ಪುಸ್ತಕಗಳಲ್ಲಿ ಇರುತ್ತದೆ. ಅವು ಬಳಕೆಗೆ ಬರುವುದು ಈ ತಾಯಿಯ ಸಾಲಿನಲ್ಲಿ.

ಅಡ್ಮಿನ್‌ಗೆ ಮಾತ್ರ ಬರವಣಿಗೆಯ ಹಕ್ಕಿರುವ ಗುಂಪಿನಲ್ಲಿ ಆ ಸಾಲಿಗೆ ಜಾಗವಿಲ್ಲ. ಕೆಲವು ಶಾಲೆಗಳು ಎರಡು ಗುಂಪು ಇಟ್ಟುಕೊಂಡು ಇದನ್ನು ನಿಭಾಯಿಸುತ್ತಿವೆ. ಒಂದು ಸೂಚನೆಗಳಿಗೆ, ಬಾಗಿಲು ಹಾಕಿದ್ದು. ಇನ್ನೊಂದು ಮಾತಿಗೆ, ತೆರೆದದ್ದು. ಅದರ ವಿವರಣೆಯ ಜಾಗದಲ್ಲಿ ನಾಲ್ಕು ಕಟ್ಟಳೆಗಳನ್ನು ಕನ್ನಡದಲ್ಲಿ ಬರೆದಿಟ್ಟಿರುತ್ತಾರೆ: ಮಕ್ಕಳ ಫೋಟೋ ಹೆಸರು ಬೇಡ, ಎರಡು ಬಾಣದ ಸಂದೇಶ ಬೇಡ, ಹಣದ ಲಿಂಕು ಬೇಡ, ರಾತ್ರಿ ಒಂಬತ್ತರ ಮೇಲೆ ಏನೂ ಬೇಡ. ನಾಲ್ಕನೆಯದನ್ನು ಯಾರೂ ಪಾಲಿಸುವುದಿಲ್ಲ. ಮೊದಲ ಮೂರನ್ನು ತಪ್ಪಿದವರಿಗೆ ಒಬ್ಬ ಪೋಷಕ, ಒಬ್ಬ ಅಧ್ಯಾಪಕ ಖಾಸಗಿಯಾಗಿ ಫೋನು ಮಾಡಿ ಹೇಳುತ್ತಾರೆ, ಗುಂಪಿನಲ್ಲಿ ಅಲ್ಲ.